ಸೇರಿಗಿಷ್ಟು ಗಾಳಿ

ಮೊದಲು ಕಣ್ಣಿಗೆ ಬಿದ್ದದ್ದು ಟೆಂಪೊ. ಬಿಳಿ ಚೀಲಗಳನ್ನು ಎರಡಾಳೆತ್ತರ ಒಟ್ಟಿ, ಹಗ್ಗ ಬಿಗಿದು, ಆ ಹಗ್ಗಕ್ಕೂ ನಾಲ್ಕು ಚೀಲ ಜೋತುಬಿಟ್ಟಿದ್ದರು. ಎದುರಿನಿಂದ ಬಂದ ಬಸ್ಸು ಇದಕ್ಕೆ ದಾರಿ ಕೊಟ್ಟು ರಸ್ತೆ ಬದಿಯ ಮಣ್ಣಿಗಿಳಿಯಿತು. ಇಷ್ಟು ಹೇರಿದ ಮೇಲೆ ಟೈರು ಚಪ್ಪಟೆಯಾಗಿರಬೇಕಲ್ಲ ಎಂದು ಬಗ್ಗಿ ನೋಡಿದೆ. ಇಲ್ಲ, ಖಾಲಿ ಗಾಡಿಯ ಟೈರಿನಂತೆ ದುಂಡಗೇ ಇತ್ತು. ಅಷ್ಟರಲ್ಲಿ ಹುಡುಗನೊಬ್ಬ ತನಗಿಂತ ದಪ್ಪವಿದ್ದ ಚೀಲವನ್ನು ಒಂದೇ ಕೈಯಲ್ಲಿ ಎತ್ತಿ ಮೇಲಿದ್ದವನತ್ತ ಒಗೆದ. ಚೀಲ ಗಾಳಿಯಲ್ಲಿ ತುಸು ಹೊತ್ತು ತೇಲಿದಂತೆ ಕಂಡಿತು. ಕಣ್ಣಿನ ಭ್ರಮೆಯೂ ಇರಬಹುದು.

ಚೀಲದಲ್ಲಿದ್ದದ್ದು ಮಂಡಕ್ಕಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ, ಈ ಐದರಲ್ಲಿ ಯಾವ ಊರಿನ ಬಸ್ ನಿಲ್ದಾಣದಲ್ಲಿ ಇಳಿದರೂ ಹತ್ತು ಹೆಜ್ಜೆಯೊಳಗೆ ಮಂಡಕ್ಕಿ ಮಿರ್ಚಿ ಸಿಗುತ್ತದೆ. ಹರಪನಹಳ್ಳಿಯವರನ್ನೇ ನೋಡಿ. 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆ ಜಿಲ್ಲೆಗೆ ಹೋದರು, 2018ರಲ್ಲಿ ಮರಳಿ ಬಳ್ಳಾರಿಗೆ ಬಂದರು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದರು. ಅರ್ಜಿಯ ಮೇಲಿನ ಜಿಲ್ಲೆಯ ಹೆಸರು ಮೂರು ಸಲ ಬದಲಾಯಿತು. ಸಂಜೆಯ ಮಂಡಕ್ಕಿ ಬದಲಾಗಲಿಲ್ಲ. ಹುಬ್ಬಳ್ಳಿ ದಾಟಿದರೆ ಇದೇ ಚುರುಮುರಿ, ಬಳ್ಳಾರಿ ಕಡೆ ಮಂಡಾಳು, ಮೈಸೂರು ಕಡೆ ಪುರಿ. ಇಲ್ಲಿ ಮಾತ್ರ ಮಂಡಕ್ಕಿ.

ತಿನ್ನುವುದು ಬಾಲ್ಯದಿಂದ ಗೊತ್ತು. ಆಗುವುದು ಹೇಗೆ ಎಂದು ನೋಡಿರಲಿಲ್ಲ. ಹಾಗಾಗಿ ಈ ಐದು ತಾಲ್ಲೂಕಿನ ನಡುವಿನ ಒಂದು ಊರಿನ ಹೊರಗೆ, ಒಂದು ಮಂಡಕ್ಕಿ ಭಟ್ಟಿಗೆ ಬೆಳಿಗ್ಗೆಯೇ ಹೋದೆ. ಊರಿನ ಹೆಸರು ಬೇಡ, ಭಟ್ಟಿಯ ಹೆಸರೂ ಬೇಡ ಎಂದು ಅಲ್ಲಿಯ ಹಿರಿಯರು ಮೊದಲೇ ಹೇಳಿದರು. "ಬರಿಯಾಕ ಬಂದೋರು ಹೊಗಿ ಸುದ್ದಿನ ಬರೀತಾರ್ರಿ, ಮಂಡಕ್ಕಿ ಸುದ್ದಿ ಬರಿಯಂಗಿಲ್ಲ." ನಾನು ಎರಡನ್ನೂ ಬರೆಯುತ್ತೇನೆ, ಹೆಸರು ಹಾಕುವುದಿಲ್ಲ ಎಂದೆ. ಒಪ್ಪಿದರು.

ಗೇಟು ಎಂಬುದಿಲ್ಲ. ಎರಡು ಕಲ್ಲು ಕಂಬ, ಒಂದರ ಮೇಲೆ ಹಳೇ ಟೈರು ನೇತುಹಾಕಿದ್ದಾರೆ. ಒಳಗೆ ಕಾಲಿಟ್ಟರೆ ಎರಡು ವಾಸನೆ ಒಟ್ಟಿಗೇ ಬರುತ್ತವೆ. ಒಂದು, ನೆನೆದ ಭತ್ತದ ಹುಳಿ ವಾಸನೆ, ಮನೆಯಲ್ಲಿ ಹಿಟ್ಟು ಹುಳಿಬಂದಾಗ ಏಳುತ್ತದಲ್ಲ, ಅದರ ಅಣ್ಣ. ಇನ್ನೊಂದು ಹುರಿದ ಅಕ್ಕಿಯ ಬೆಚ್ಚನೆ ವಾಸನೆ. ಮೊದಲನೆಯದು ಮೂಗು ಮುಚ್ಚಿಸುತ್ತದೆ, ಎರಡನೆಯದು ಹಸಿವು ತರಿಸುತ್ತದೆ. ಐದು ನಿಮಿಷ ಎರಡೂ ಜಗಳವಾಡಿ ಆಮೇಲೆ ಮೂಗು ಸೋತು ಸುಮ್ಮನಾಗುತ್ತದೆ. ಬಲಗಡೆ ಭತ್ತದ ಹೊಟ್ಟಿನ ಗುಡ್ಡ, ಅದರ ಮೇಲೆ ಕೋಳಿಗಳು. ಎಡಗಡೆ ಗೋಡೆ. ಅದಕ್ಕೆ ಯಾವತ್ತೋ ಸುಣ್ಣ ಬಳಿದಿದ್ದಿರಬೇಕು, ಈಗ ಮೇಲಿನ ಅರ್ಧ ಮಸಿ.

ನಡಿಗೆ ಶುರುವಾದದ್ದು ತೊಟ್ಟಿಗಳ ಹತ್ತಿರ. ಎದೆಯೆತ್ತರದ ಸಿಮೆಂಟ್ ತೊಟ್ಟಿಗಳು, ಒಳಗೆ ಭತ್ತ, ಮೇಲೆ ಮಂಜುಮಂಜಾದ ನೀರು. ಸಂಜೆ ಬಿಸಿನೀರು ಬಿಟ್ಟು ರಾತ್ರಿಯಿಡೀ ನೆನೆಸುತ್ತಾರೆ. ಬೆಳಿಗ್ಗೆ ನೀರು ಬಸಿದು ಬೇಯಿಸುತ್ತಾರೆ. ಬೆಂದ ಭತ್ತದ ಬಾಯಿ ಒಂಚೂರು ಬಿರಿಯುತ್ತದೆ, ಹೆಚ್ಚು ಬಿರಿಯಕೂಡದು. ಒಂದು ಕಾಳು ಸುಲಿದು ಕೈಗೆ ಕೊಟ್ಟರು. ಹಸಿ ಅಕ್ಕಿಯ ಬಿಳುಪು ಹೋಗಿ ಕಣ್ಣಾಲಿಯ ಹಾಗೆ ಒಂದು ಬಗೆಯ ಪಾರದರ್ಶಕ ಬಣ್ಣ ಬಂದಿತ್ತು. ಮಂಡಕ್ಕಿಯ ಹಣೆಬರಹ ಇಲ್ಲೇ ನಿಂತಿದೆ. ಒಳಗಿನ ಹಿಟ್ಟಿನಂಶ ಬೆಂದು, ಆಮೇಲೆ ಒಣಗಿ ಗಾಜಿನಂತೆ ಗಟ್ಟಿಯಾದರೆ ಮಾತ್ರ ಮುಂದೆ ಅದು ಅರಳುತ್ತದೆ. ಸಾದಾ ಅಕ್ಕಿಯನ್ನು ಬಿಸಿ ಉಸುಕಿಗೆ ಹಾಕಿದರೆ ಕರಿಕಾಗುತ್ತದೆಯೇ ಹೊರತು ಮಂಡಕ್ಕಿ ಆಗುವುದಿಲ್ಲ.

ಭತ್ತ ಎಲ್ಲಿಯದು ಎಂದು ಕೇಳಿದೆ. ಇಲ್ಲಿಯದಲ್ಲ. ಕೂಡ್ಲಿಗಿ, ಕೊಟ್ಟೂರು ಕಡೆಯದು ಮಳೆ ನೆಚ್ಚಿದ ನೆಲ. ಜೋಳ, ಮೆಕ್ಕೆಜೋಳ, ಶೇಂಗಾ, ರಾಗಿ, ಸಜ್ಜೆ ಬೆಳೆಯುವ ಸೀಮೆ. ಭತ್ತ ಬರುವುದು ಕಾಲುವೆ ನೀರಿನ ಕಡೆಯಿಂದ. ತುಂಗಭದ್ರಾ ಅಣೆಕಟ್ಟಿನ ಕೆಲಸ 1953ರಲ್ಲಿ ಮುಗಿಯಿತು. ಅದರ ಹಿನ್ನೀರು ನಿಂತದ್ದು ಹಗರಿಬೊಮ್ಮನಹಳ್ಳಿ, ಹಡಗಲಿ ಭಾಗದ ಊರುಗಳ ಮೇಲೆ. ಭತ್ತ ಬೆಳೆದದ್ದು ಆಚೆ ಗಂಗಾವತಿ, ಸಿರುಗುಪ್ಪದ ಕಡೆ. ಈಚೆ ದಾವಣಗೆರೆ, ಹರಿಹರದ ಭತ್ತಕ್ಕೆ ಭದ್ರಾ ಕಾಲುವೆ. ನಡುವಿನ ಈ ಒಣ ಪಟ್ಟಿಗೆ ಭತ್ತ ಲಾರಿಯಲ್ಲಿ ಬರುತ್ತದೆ. ಊಟಕ್ಕೆ ರೊಟ್ಟಿ ತಟ್ಟುವ ಸೀಮೆ ತಿಂಡಿಗೆ ಭತ್ತವನ್ನು ಹೀಗೆ ಕೊಂಡು ತಿನ್ನುತ್ತಿದೆ. ಹಿಡಿ ಅಕ್ಕಿಯನ್ನು ಮೊರದ ತುಂಬ ಮಾಡುವ ವಿದ್ಯೆ ಅಕ್ಕಿ ಕಮ್ಮಿಯಿದ್ದ ಕಡೆಯೇ ಹೆಚ್ಚು ಬೇಕಾಗಿದ್ದಿರಬೇಕು. ಇದು ನನ್ನ ಊಹೆ, ಯಾರೂ ಹೇಳಿದ್ದಲ್ಲ.

ತೊಟ್ಟಿ ದಾಟಿದರೆ ಕಣ. ಸಿಮೆಂಟ್ ನೆಲದ ಮೇಲೆ ಬೆಂದ ಭತ್ತ ಹರವಿದೆ. ಇಬ್ಬರು ಹೆಂಗಸರು ಅದರೊಳಗೆ ಅಂಗಾಲು ಎಳೆಯುತ್ತಾ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದರು. ಹಿಂದೆ ಎರಡೆರಡು ಸಾಲು ಬೀಳುತ್ತಿತ್ತು, ಥೇಟ್ ಕುಂಟೆ ಹೊಡೆದ ಹೊಲ. ಇಬ್ಬರಲ್ಲಿ ಹಿರಿಯಾಕೆ ತಾಂಡಾದವರು, ಕೈತುಂಬ ಬಿಳಿ ಬಳೆ. ಇನ್ನೊಬ್ಬರು ಊರೊಳಗಿನವರು. ಒಣಗಿದ್ದು ಹೇಗೆ ಗೊತ್ತಾಗುತ್ತದೆ ಎಂದೆ. "ಕಾಲಾಗ ಗೊತ್ತಾಕ್ಕತಿ" ಎಂದು ಹಿರಿಯಾಕೆ ನಿಲ್ಲದೇ ನಡೆದರು. ಆಮೇಲೆ ನನ್ನ ಮುಖ ನೋಡಿ ಕನಿಕರ ಬಂದಿತೋ ಏನೋ, ಒಂದು ಕಾಳು ಬಾಯಿಗೆ ಹಾಕಿ ಕಚ್ಚಿ ತೋರಿಸಿದರು. "ಕಟ್ ಅನ್ನಬೇಕು. ಪಚ್ ಅಂದ್ರ ಇನ್ನ ಬಿಸಿಲು ಬೇಕು." ನಾನೂ ಕಚ್ಚಿದೆ. ನನಗೆ ಎರಡೂ ಕೇಳಲಿಲ್ಲ, ಹಲ್ಲು ಮಾತ್ರ ಜುಮ್ಮೆಂದಿತು.

ಕಣದ ಮೂಲೆಯಲ್ಲಿ ಮಡಚಿಟ್ಟ ನೀಲಿ ತಾಡಪಾಲು. ಮೋಡ ಕವಿದರೆ ಎಲ್ಲರೂ ಎಲ್ಲ ಕೆಲಸ ಬಿಟ್ಟು ಅದರತ್ತ ಓಡುತ್ತಾರಂತೆ. ಈ ಸೀಮೆಯಲ್ಲಿ ಮಳೆ ಬಂದರೆ ಬೇಸರಪಡುವವರು ಬಹುಶಃ ಭಟ್ಟಿಯವರು ಮತ್ತು ಇಟ್ಟಿಗೆ ಸುಡುವವರು ಮಾತ್ರ.

ಅಕ್ಕಿ ಮಾಡುವ ಗಿರಣಿ ಮುಂದಿನ ತಗಡಿನ ಶೆಡ್ಡಿನಲ್ಲಿದೆ. ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಸದ್ದು ಕಿವಿ ಕೊರೆಯುತ್ತದೆ, ದೂಳು ಕಣ್ಣು ಉರಿಸುತ್ತದೆ. ಗಮನಿಸಿದ್ದು ಎರಡೇ. ಒಂದು, ಹೊಟ್ಟು ಬೇರೆಯಾಗಿ ಕೊಳವೆಯಲ್ಲಿ ಹೊರಗಿನ ಗುಡ್ಡಕ್ಕೆ ಹಾರಿ ಬೀಳುತ್ತದೆ, ಅಲ್ಲಿಂದ ಬುಟ್ಟಿಯಲ್ಲಿ ಭಟ್ಟಿಯ ಬಾಯಿಗೆ ಹೋಗುತ್ತದೆ. ಭತ್ತ ತನ್ನ ಅಂಗಿ ಕಳಚಿ ಅದರಲ್ಲೇ ತನ್ನನ್ನು ಹುರಿಸಿಕೊಳ್ಳುತ್ತದೆ. ಎರಡು, ನುಚ್ಚಾದ ಅಕ್ಕಿಯನ್ನು ತುಂಬ ಜತನದಿಂದ ಬೇರೆ ಮಾಡುತ್ತಾರೆ. ಮುರಿದ ಕಾಳು ಸರಿಯಾಗಿ ಅರಳುವುದಿಲ್ಲ.

ಉಪ್ಪಿನ ಜಾಗಕ್ಕೆ ಬಂದಾಗ ಹತ್ತು ಗಂಟೆ. ಕರಿ ಕಡಾಯಿಯಲ್ಲಿ ಅಕ್ಕಿ, ಪಕ್ಕದ ಬಕೆಟ್ಟಿನಲ್ಲಿ ಕದಡಿದ ನೀರು. ಅದು ಅಕ್ಕಿ ಉಬ್ಬಿಸುವ ಸೋಡಾವೇ ಇರಬೇಕೆಂದು ನನಗೆ ಅನುಮಾನವಿತ್ತು. ಬೆರಳದ್ದಿ ನೆಕ್ಕಿದೆ. ಬರೀ ಉಪ್ಪು, ಸಮುದ್ರದಷ್ಟು ಉಪ್ಪು. ಇಲ್ಲಿ ಸಣ್ಣ ಉರಿ. ಉಪ್ಪುನೀರು ಚಿಮುಕಿಸಿ, ಮರದ ಹುಟ್ಟಿನಿಂದ ತಿರುವುತ್ತಾ, ನೀರಿನಂಶ ಎಷ್ಟು ಬೇಕೋ ಅಷ್ಟು ಉಳಿಯುವವರೆಗೆ ಬೆಚ್ಚಗೆ ಮಾಡುತ್ತಾರೆ. ಎಷ್ಟು ಬೇಕು ಎಂಬುದರಲ್ಲೇ ಗುಟ್ಟಿದೆ. ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದಲ್ಲಿ 1980ರ ದಶಕದಲ್ಲಿ ವಿಜ್ಞಾನಿಗಳು ಇದನ್ನೇ ಅಳೆದು ನೋಡಿದ್ದಾರೆ. ಅಕ್ಕಿಯಲ್ಲಿ ತೇವ ಶೇ 10.5ರಿಂದ 11, ಉಸುಕಿನ ಶಾಖ ಸುಮಾರು 250 ಡಿಗ್ರಿ ಸೆಲ್ಸಿಯಸ್ ಇದ್ದರೆ ಅರಳು ಚೆನ್ನಾಗಿ ಬರುತ್ತದೆ. ತೇವ ಕಮ್ಮಿಯಾದರೆ ಒಳಗೆ ಹಬೆ ಸಾಲದು, ಹೆಚ್ಚಾದರೆ ಕಾಳಿನ ಗೋಡೆ ಮೆತ್ತಗಾಗಿ ಹಬೆ ನಿಲ್ಲದು. ಇದನ್ನು ಕಡಾಯಿಯ ಮುಂದಿದ್ದವರಿಗೆ ಹೇಳಿದೆ. ಅವರು ಹಿಡಿ ಅಕ್ಕಿಯನ್ನು ಮುಷ್ಟಿಯಲ್ಲಿ ಅದುಮಿ ಬಿಟ್ಟರು. ಕಾಳು ಬೆರಳಿಗಂಟದೆ ಜಾರಿ ಬಿದ್ದವು. "ಹನ್ನೊಂದು ಅಂದ್ರ ಇದ" ಎಂದು ನಕ್ಕರು.

ಈಗ ಭಟ್ಟಿ. ಬಾಗಿಲಲ್ಲಿ ತಲೆ ತಗ್ಗಿಸಬೇಕು. ಹೊರಗಿನ ಬಿಸಿಲಿನಿಂದ ಒಳಗೆ ಹೋದವನಿಗೆ ಮೊದಲು ಏನೂ ಕಾಣಲಿಲ್ಲ, ಕೆಂಪು ಬಾಯಿಯೊಂದು ಮಾತ್ರ ಕಂಡಿತು. ಅದು ಒಲೆ. ಕುಕ್ಕರುಗಾಲಲ್ಲಿ ಕೂತ ಹುಡುಗ ಅದಕ್ಕೆ ಹಿಡಿಹಿಡಿ ಹೊಟ್ಟು ಎರಚುತ್ತಿದ್ದ. ಎರಚಿದಾಗಲೆಲ್ಲ ಬೆಂಕಿ ಉಸಿರೆಳೆದುಕೊಂಡ ಹಾಗೆ ಸದ್ದು. ಕಣ್ಣು ಹೊಂದಿಕೊಂಡ ಮೇಲೆ ಒಲೆಯ ಮೇಲಿನ ಕಡಾಯಿ ಕಂಡಿತು, ಅದರಲ್ಲಿ ಕಪ್ಪಗಿನ ಸಣ್ಣ ಉಸುಕು, ಅದರ ಮುಂದೆ ಬನಿಯನ್ ತೊಟ್ಟು ತಲೆಗೆ ಟವೆಲ್ ಸುತ್ತಿದ ನಡುವಯಸ್ಸಿನವರೊಬ್ಬರು.

ಮುಂದಿನದು ನಡೆದದ್ದು ನಾನು ಸರಿಯಾಗಿ ನೋಡುವುದರೊಳಗೆ. ಅವರು ನಾಲ್ಕು ಕಾಳು ಉಸುಕಿಗೆ ಒಗೆದರು, ಕಿವಿ ಕೊಟ್ಟರು, ತಲೆಯಾಡಿಸಿದರು. ಡಬ್ಬಿಯಲ್ಲಿ ಅಕ್ಕಿ ಮೊಗೆದು ಸುರಿದರು. ಕಡ್ಡಿಪೊರಕೆಯಂಥದನ್ನು ಎರಡು ಮೂರು ಸಲ ಆಡಿಸಿದರು. ಕರಿ ಉಸುಕಿನೊಳಗಿಂದ ಬಿಳಿಯದೇನೋ ಉಕ್ಕಿ ಉಕ್ಕಿ ಮೇಲೆ ಬಂದು ಕಡಾಯಿಯ ಅಂಚು ಮುಟ್ಟಿತು. ಕೂಡಲೇ ಎಲ್ಲವನ್ನೂ ಜರಡಿಗೆ ಬಳಿದರು. ಉಸುಕು ಕೆಳಗೆ ಬಿದ್ದು ಮರಳಿ ಕಡಾಯಿಗೆ ಹೋಯಿತು, ಮಂಡಕ್ಕಿ ಪಕ್ಕದ ಗುಡ್ಡೆಗೆ. ಮೊದಲಿಂದ ಕೊನೆಯವರೆಗೆ ಎಷ್ಟು ಹೊತ್ತು? ಎರಡನೇ ಸಲ ಮನಸ್ಸಿನಲ್ಲಿ ಎಣಿಸಿದೆ. ಹತ್ತು ಎನ್ನುವಾಗ ಜರಡಿ ಆಡುತ್ತಿತ್ತು. ಮೂರು ದಿನ ನೆನೆದು, ಬೆಂದು, ಒಣಗಿ, ಕುಟ್ಟಿಸಿಕೊಂಡು ಬಂದ ಕಾಳಿಗೆ ಕೊನೆಯ ಹತ್ತು ಸೆಕೆಂಡು. ಅಷ್ಟರಲ್ಲಿ ಅದು ತನ್ನ ಎಂಟು ಹತ್ತು ಪಟ್ಟು ಉಬ್ಬುತ್ತದೆ.

ಸದ್ದಿನ ಬಗ್ಗೆ ಒಂದು ಮಾತು. ಜೋಳದ ಅರಳಿನ ಹಾಗೆ ಪಟಪಟ ಸಿಡಿಯುತ್ತದೆ ಎಂದುಕೊಂಡಿದ್ದೆ. ಅಲ್ಲ. ಒಣ ಎಲೆಗಳ ಮೇಲೆ ಜೋರು ಮಳೆ ಬಿದ್ದ ಹಾಗೆ ಒಂದೇ ಸಮನೆ ಸರ್ರೆನ್ನುತ್ತದೆ. ಉಸುಕು ಹೆಚ್ಚು ಕಾದರೆ ಈ ಸದ್ದು ಒಡೆಯುತ್ತದೆ, ಕಮ್ಮಿ ಕಾದರೆ ಏಳುವುದೇ ಇಲ್ಲ. "ಕಣ್ಣಿಲೆ ಅಲ್ರಿ, ಕಿವಿಲೆ ಹುರೀಬೇಕು" ಎಂದರು ಟವೆಲ್ಲಿನವರು.

ಉಸುಕು ಯಾಕೆ? ಕಡಾಯಿಯ ತಳ ಒಂದು ಮಗ್ಗುಲನ್ನಷ್ಟೇ ಸುಡುತ್ತದೆ. ಉಸುಕಿನಲ್ಲಿ ಹೂತ ಕಾಳಿಗೆ ಎಲ್ಲ ಕಡೆಯಿಂದ ಒಂದೇ ಸಲ ಶಾಖ ತಾಗುತ್ತದೆ. ಒಳಗಿನ ತೇವ ಹಬೆಯಾಗಿ ಎಲ್ಲ ಕಡೆಗೂ ಒಟ್ಟಿಗೆ ಒತ್ತುತ್ತದೆ. ಅಮೆರಿಕದವರಿಗೆ ಇದೇ ಕೆಲಸಕ್ಕೆ ತೋಪು ಬೇಕಾಯಿತು. ಅಲ್ಲಿಯ ಸಸ್ಯವಿಜ್ಞಾನಿಯೊಬ್ಬರು ಹಿಟ್ಟನ್ನು ಗಾಜಿನ ಕೊಳವೆಯಲ್ಲಿ ಮುಚ್ಚಿ ಕಾಯಿಸಿ ಒಡೆದು ನೋಡಿ, ಒತ್ತಡ ಥಟ್ಟನೆ ಬಿಟ್ಟರೆ ಅದು ಉಬ್ಬುತ್ತದೆಂದು ಕಂಡುಕೊಂಡರು. 1904ರ ಸೇಂಟ್ ಲೂಯಿಸ್ ವಿಶ್ವಮೇಳದಲ್ಲಿ ತೋಪಿನಂಥ ಕೊಳವೆಗಳಿಂದ ಅಕ್ಕಿ ಅರಳಿಸಿ ಜನರ ಮೇಲೆ ಮಳೆಗರೆದರು. ಆಮೇಲೆ ಅದು ಡಬ್ಬಿ ಸೇರಿ ಹಾಲಿಗೆ ಹಾಕಿಕೊಳ್ಳುವ ಬೆಳಗಿನ ತಿಂಡಿಯಾಯಿತು. ಕೊರಿಯಾದ ಬೀದಿಗಳಲ್ಲಿ ಮುಚ್ಚಿದ ಕಬ್ಬಿಣದ ಗುಂಡಿಯನ್ನು ಬೆಂಕಿಯ ಮೇಲೆ ತಿರುಗಿಸಿ, ಡಂ ಎಂದು ಬಾಯಿ ತೆರೆದು ಅಕ್ಕಿ ಅರಳಿಸುತ್ತಾರೆ. ತಿಂಡಿಯ ಹೆಸರೇ ಆ ಸದ್ದಿನಿಂದ ಬಂದದ್ದು, ಪ್ಪಾಂಗ್‌ತ್ವಿಗಿ. ತೆರೆಯುವ ಮೊದಲು ಕೂಗಿ ಎಚ್ಚರಿಸುತ್ತಾರೆ, ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತಾರೆ. ಬಂಗಾಳದಲ್ಲಿ ಮಾತ್ರ ನಮ್ಮ ಹಾಗೆಯೇ ಉಸುಕು, ಕಡಾಯಿ, ಪೊರಕೆ. ಅಲ್ಲಿ ಅದು ಮುರಿ. ತೋಪಿಲ್ಲದೆ, ಡಬ್ಬಿಯಿಲ್ಲದೆ, ಹಳ್ಳದ ಉಸುಕಿನಲ್ಲಿ ಮುಗಿಯುವ ಕೆಲಸಕ್ಕೆ ನಮ್ಮ ಭಟ್ಟಿಯವರಾರೂ ಪೇಟೆಂಟ್ ಕೇಳಲಿಲ್ಲ.

ಮಾತು ಕೊಟ್ಟಂತೆ ಹೊಗೆಯ ಸುದ್ದಿ. ದಾವಣಗೆರೆಯ ಭಟ್ಟಿ ಎಂದರೆ ಟೈರು ಸುಟ್ಟ ಕರಿ ಹೊಗೆ ಎಂದು ಕೇಳಿಕೊಂಡೇ ಬೆಳೆದವನು ನಾನು. ಕಂಬದ ಮೇಲಿನ ಟೈರು ನೋಡಿ ಸಂಶಯವೂ ಬಂದಿತ್ತು. ನಾನು ಇದ್ದಷ್ಟು ಹೊತ್ತು ಒಲೆಗೆ ಬಿದ್ದದ್ದು ಹೊಟ್ಟು ಮತ್ತು ಒಂದಷ್ಟು ಜಾಲಿ ಸೌದೆ. ಹೊಟ್ಟಿನ ಹೊಗೆಯೇನು ಸಣ್ಣದಲ್ಲ. ಅರ್ಧ ಗಂಟೆಗೆ ನನ್ನ ಕರವಸ್ತ್ರ ಬೂದಿ ಬಣ್ಣವಾಗಿತ್ತು, ಗಂಟಲು ಮರುದಿನದವರೆಗೂ ಕೆರೆಯುತ್ತಿತ್ತು. ಆ ಟವೆಲ್ಲಿನವರು ಇಪ್ಪತ್ತು ವರ್ಷದಿಂದ ಅಲ್ಲಿ ನಿಂತಿದ್ದಾರೆ. ಕೂಲಿ ಚೀಲದ ಲೆಕ್ಕ. ಬಾಯಿಗೆ ಬಟ್ಟೆ ಕಟ್ಟಿಕೊಳ್ಳುವುದಿಲ್ಲವೇ ಎಂದು ಕೇಳಿದ್ದಕ್ಕೆ, ಕಟ್ಟಿಕೊಂಡರೆ ಉಸಿರು ಸಿಕ್ಕುವುದಿಲ್ಲ ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಒಂದು ಎತ್ತರದ ಚಿಮಣಿ, ಗೋಡೆಯಲ್ಲಿ ಎರಡು ದೊಡ್ಡ ಕಿಂಡಿ ಇದ್ದರೂ ಆ ಶೆಡ್ಡು ಬೇರೆಯೇ ಆಗುತ್ತಿತ್ತು.

ಅದೇ ಶೆಡ್ಡಿನ ಇನ್ನೊಂದು ಅರ್ಧದಲ್ಲಿ ಹೊಸದಾಗಿ ಯಂತ್ರ ಬಂದಿದೆ. ಕಬ್ಬಿಣದ ಪೀಪಾಯಿ ತಿರುಗುತ್ತಿರುತ್ತದೆ. ಒಂದು ಕಡೆ ಅಕ್ಕಿ ಬೀಳುತ್ತದೆ, ಇನ್ನೊಂದು ಕಡೆ ಮಂಡಕ್ಕಿ ಹರಿದು ಬರುತ್ತದೆ. ಕಾಳು ಒಂದರಂತೆ ಇನ್ನೊಂದು. ಕೈಯಲ್ಲಿ ಹುರಿದದ್ದರಲ್ಲಿ ಒಂದು ಉದ್ದ, ಒಂದು ಡೊಂಕು, ಅಲ್ಲೊಂದು ಕೆಂಪು ಮೂತಿಯದು. ರುಚಿ ಬೇರೆ ಎಂದು ಅಲ್ಲಿದ್ದ ಎಲ್ಲರೂ ಆಣೆ ಮಾಡಿದರು. ಕಣ್ಣು ಮುಚ್ಚಿ ಎರಡೂ ತಿಂದೆ. ನನಗೆ ವ್ಯತ್ಯಾಸ ಸಿಗಲಿಲ್ಲ. ಹೇಳಲು ಸಂಕೋಚವಾಯಿತು, ಆದರೂ ಹೇಳಿದೆ. "ಬಿಸಿ ಐತಲ್ರಿ, ಅದಕ್ಕ" ಎಂದು ಹಿರಿಯರು ನನ್ನ ಮರ್ಯಾದೆ ಉಳಿಸಿದರು.

ಹುರಿದದ್ದು ಆರಿದ ಮೇಲೆ ಚೀಲಕ್ಕೆ. ಈ ಕೋಣೆಯಲ್ಲಿ ಎಲ್ಲರೂ ಅವಸರದಲ್ಲಿರುತ್ತಾರೆ. ಬಿಸಿಯಿದ್ದಾಗಲೇ ತುಂಬಿದರೆ ಒಳಗೆ ಬೆವರುತ್ತದೆ, ತಡ ಮಾಡಿದರೆ ಹೊರಗಿನ ಗಾಳಿಯ ತೇವ ಕುಡಿಯುತ್ತದೆ. ಚೀಲದೊಳಗೆ ಪ್ಲಾಸ್ಟಿಕ್ ಕವರು, ಬಾಯಿಗೆ ಗೋಣಿಸೂಜಿಯ ಹೊಲಿಗೆ. ಗೋಡೆಯ ಮೇಲೆ ಕ್ಯಾಲೆಂಡರು, ಮೂರು ನಾಲ್ಕು ದಿನಾಂಕಕ್ಕೆ ಕೆಂಪು ಗುರುತು. ಮಾಘ ಮಾಸದ ಹುಣ್ಣಿಮೆಯಾದ ಮೇಲೆ ಮೈಲಾರದ ಕಾರಣಿಕ, ಆಮೇಲೆ ಕೊಟ್ಟೂರಿನ ತೇರು, ಶಿವರಾತ್ರಿ ಹೊತ್ತಿಗೆ ಕುರುವತ್ತಿ ಜಾತ್ರೆ. ಆ ತಿಂಗಳು ಭಟ್ಟಿ ರಾತ್ರಿಯೂ ಆರುವುದಿಲ್ಲ. ದಾವಣಗೆರೆ ಕಡೆಯಿಂದ ಕೊಟ್ಟೂರಿಗೆ ನಡೆದು ಬರುವವರ ಕೈಚೀಲದಲ್ಲೂ ಇದೇ ಇರುತ್ತದೆ, ಹೊತ್ತರೆ ಹೊರೆಯಲ್ಲ ನೋಡಿ. ತೇರಿನ ದಿನ ಬೆಂಡು ಬತ್ತಾಸಿನ ಜೊತೆ ಮನೆಗೆ ಒಯ್ಯುವುದು ಇದನ್ನೇ. ಮೊಹರಂನಲ್ಲಿ ಪೀರಲ ದೇವರ ಮುಂದೆ ಸಕ್ಕರೆಯ ಜೊತೆ ಇಡುವುದು ಇದನ್ನೇ. ಕೊನೆಗೆ ಹೆಣ ಸಾಗುವ ದಾರಿಯಲ್ಲಿ ಎರಚುವುದೂ ಇದನ್ನೇ. ಚೀಲ ಹೊಲಿಯುತ್ತಿದ್ದ ಹುಡುಗಿಗೆ ಈ ಮಾತು ಹೇಳಿದೆ. "ನಾವು ಎಲ್ಲಿಗಂತ ಕೇಳಂಗಿಲ್ಲಣ್ಣ, ಎಷ್ಟು ಚೀಲ ಅಂತ ಕೇಳ್ತೀವಿ" ಎಂದಳು.

ರಸ್ತೆಗೆ ಮುಖ ಮಾಡಿದ ಮುಂಗಟ್ಟಿನಲ್ಲಿ ಬಿಡಿ ಮಾರಾಟ. ನಾನು ಹೆಚ್ಚು ಹೊತ್ತು ಕಳೆದದ್ದು ಇಲ್ಲೇ. ಭಟ್ಟಿ ನೋಡಲು ಹೋದವನಿಗೆ ವ್ಯಾಪಾರ ಹೆಚ್ಚು ಹಿಡಿಸಿತು.

ಅಳತೆ ಇಲ್ಲಿ ಇನ್ನೂ ಸೇರು. ದೇಶದಲ್ಲಿ ಮೆಟ್ರಿಕ್ ಅಳತೆಗೆ ಕಾನೂನು ಬಂದದ್ದು 1956ರಲ್ಲಿ, ಅಲ್ಲಿಂದ ಆರು ವರ್ಷದೊಳಗೆ ಸೇರು ಪಾವು ಎಲ್ಲ ಕಾಗದದ ಮೇಲೆ ಸತ್ತವು. ಮಂಡಕ್ಕಿ ಅಂಗಡಿಗೆ ಆ ಸುದ್ದಿ ಮುಟ್ಟಿಲ್ಲ. ಅಜ್ಜಿಯೊಬ್ಬರು ಬಂದರು. ಮೊದಲು ನಾಲ್ಕು ಕಾಳು ಬಾಯಿಗೆ. ಆಮೇಲೆ ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಹಿಸುಕಿದರು. ಗರಿಗರಿ ಸದ್ದು ಬಂದ ಮೇಲೆ ಚೀಲದ ಬಾಯಿ ತೆರೆದರು. ಅಂಗಡಿಯವನು ಮೊರದಿಂದ ಸೇರಿಗೆ ಸುರಿದ. ಎತ್ತರದಿಂದ, ಮೆಲ್ಲಗೆ, ಹೂವು ಉದುರಿದಂತೆ. "ಏ ತಮ್ಮಾ, ಬಾನದಿಂದ ಸುರೀಬ್ಯಾಡ, ಹತ್ರದಿಂದ ಹಾಕು" ಎಂದು ಅಜ್ಜಿ ಸೇರಿನ ಹೊಟ್ಟೆಗೆ ಎರಡು ಸಲ ತಟ್ಟಿದರು. ಸೇರು ಒಂದು ಬೆರಳು ಇಳಿಯಿತು. ಅವನು ನಗುತ್ತಾ ಮತ್ತೆ ಹಾಕಿದ, ಗೋಪುರ ಬಂತು. ಗೋಪುರದ ತುದಿ ಜಾರಿದ್ದು ಅಜ್ಜಿಯ ಸೆರಗಿಗೆ. ಅದರ ಲೆಕ್ಕ ಇಬ್ಬರೂ ಇಡಲಿಲ್ಲ.

ಸಡಿಲವಾಗಿ ಸುರಿದರೆ ನಡುವೆ ಗಾಳಿ ಹೆಚ್ಚು, ತಟ್ಟಿದರೆ ಕಮ್ಮಿ. ಮಾರುವವನ ಕಲೆ ಒಂದು, ಕೊಳ್ಳುವವರ ಕಲೆ ಇನ್ನೊಂದು. ಇದೆಂಥ ವ್ಯಾಪಾರ, ತೂಕ ಹಾಕಿ ಕೊಟ್ಟರೆ ಮುಗಿಯಿತಲ್ಲ ಎಂದು ನನಗೂ ಅನಿಸಿತು. ಪಕ್ಕದಲ್ಲೇ ಕಲ್ಲಿನ ಬೆಂಚಿದ್ದದ್ದರಿಂದ ಕೂತು ಯೋಚಿಸಿದೆ. ತೂಕದಲ್ಲಿ ಮಾರಿದರೆ ಏನಾಗುತ್ತದೆ? ತೇವ ಕುಡಿದು ಮೆತ್ತಗಾದ ಮಂಡಕ್ಕಿ ಹೆಚ್ಚು ತೂಗುತ್ತದೆ. ಅರೆಬರೆ ಅರಳಿದ್ದಕ್ಕೂ ಪೂರ್ತಿ ಅರಳಿದ್ದಕ್ಕೂ ಒಂದೇ ಬೆಲೆ. ಚೆನ್ನಾಗಿ ಹುರಿದವನಿಗೆ ಲಾಭವಿಲ್ಲ, ಜೋಪಾನ ಮಾಡದವನಿಗೆ ನಷ್ಟವಿಲ್ಲ. ಸೇರಿನಲ್ಲಾದರೆ ಅದೇ ಅಕ್ಕಿ ಎಷ್ಟು ಚೆನ್ನಾಗಿ ಅರಳಿತೋ ಅಷ್ಟು ಸೇರು ಹೆಚ್ಚು. ಮಾರುವವನ ಲಾಭವೂ ತಿನ್ನುವವನ ರುಚಿಯೂ ಒಂದೇ ಕಡೆ ನಿಲ್ಲುತ್ತವೆ. ಅಜ್ಜಿ ದುಡ್ಡು ಕೊಟ್ಟದ್ದು ಗಾಳಿಗೇ. ಆದರೆ ಆ ಗಾಳಿಯನ್ನು ಕಾಳಿನೊಳಗೆ ತುಂಬಲು ಅಷ್ಟು ಜನ ಮೂರು ದಿನ ದುಡಿದಿದ್ದಾರೆ. ಕಾಳುಗಳ ನಡುವಿನ ಗಾಳಿಗೆ ಮಾತ್ರ ಅಜ್ಜಿ ದುಡ್ಡು ಕೊಡಲೊಪ್ಪಲಿಲ್ಲ, ಅದಕ್ಕೇ ತಟ್ಟಿದರು. ಕಿಲೋ ಲೆಕ್ಕ ಆಧುನಿಕವಿರಬಹುದು, ಮಂಡಕ್ಕಿಗೆ ಸೇರೇ ಸರಿ.

ಅಂಗಡಿಯ ಪಕ್ಕ ಬುಟ್ಟಿ ಇಟ್ಟುಕೊಂಡು ಹಡಗಲಿ ಮಲ್ಲಿಗೆ ಮಾರುವ ಹೆಂಗಸೊಬ್ಬರಿದ್ದರು. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆಯ ಹಾಗೆ ಇದಕ್ಕೂ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ವಿಜಯನಗರದ ಕಾಲದಲ್ಲಿ ಹಂಪಿಗೆ ಹೂವು ಹಡಗಲಿಯಿಂದಲೇ ಹೊಳೆಯ ಮೇಲೆ ಹೋಗುತ್ತಿತ್ತು, ಊರಿಗೆ ಹೂವಿನಹಡಗಲಿ ಎಂಬ ಹೆಸರು ಬಂದದ್ದು ಅದರಿಂದಲೇ ಎಂದು ಜನ ಹೇಳುತ್ತಾರೆ. ಅದೂ ತೂಕವಿಲ್ಲದ ಸರಕು, ಅಳತೆ ಮೊಳ. ಆಕೆ ಅಳೆಯುವಾಗ ಮೊಣಕೈ ತುಸು ಮಡಚಿತೆಂದು ನನಗನಿಸಿತು. ಕೊಂಡವರು ಏನೂ ಅನ್ನಲಿಲ್ಲ. ಕೊನೆಗೆ ಆಕೆಯೇ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟು ದಾರ ಹರಿದರು.

ಗೋಡೆಗೆ ಒರಗಿಸಿದ ರಟ್ಟಿನ ಪೆಟ್ಟಿಗೆಯಲ್ಲಿ ಸೀಲು ಹಾಕಿದ ಪಾಕೀಟುಗಳೂ ಇದ್ದವು. 2022ರ ಜುಲೈ 18ರಿಂದ ಮೊದಲೇ ಕಟ್ಟಿ, ಲೇಬಲ್ ಹಚ್ಚಿದ ಮಂಡಕ್ಕಿಗೆ ಶೇ 5 ಜಿಎಸ್‌ಟಿ ಬಂದಿತು, ಬಿಡಿಯಾಗಿ ಅಳೆದು ಕೊಟ್ಟರೆ ಇಲ್ಲ. ಬಂಗಾಳದಲ್ಲಿ ಮುರಿಯ ಮೇಲೂ ತೆರಿಗೆಯೇ ಎಂದು ರಾಜಕೀಯ ಸಭೆಯಲ್ಲೇ ಕೂಗೆದ್ದಿತು. ಇಲ್ಲಿ ಯಾರೂ ಕೂಗಲಿಲ್ಲ, ಸೇರು ಇನ್ನಷ್ಟು ಗಟ್ಟಿಯಾಯಿತು ಅಷ್ಟೆ. ಪಾಕೀಟು ಯಾರು ಒಯ್ಯುತ್ತಾರೆ ಎಂದು ಕೇಳಿದೆ. ಬೆಂಗಳೂರಿಗೆ ಹೋಗುವವರು, ಮತ್ತೆ ಮಲೆನಾಡಿನ ಕಾಫಿ ತೋಟಕ್ಕೆ, ಮಂಡ್ಯದ ಕಬ್ಬಿಗೆ ಗುಳೆ ಹೋಗುವ ತಾಂಡಾದವರು. ಆ ದೂರದಲ್ಲಿ ಒಲೆ ಹಚ್ಚದೆ ತಿನ್ನಬಹುದಾದದ್ದು ಇದು.

ನಾಲ್ಕೂವರೆಗೆ ಹೊರಬಿದ್ದು ಎದುರಿನ ಮಿರ್ಚಿ ಗಾಡಿಗೆ ಹೋದೆ. ಬೆಳಿಗ್ಗೆ ನೆನೆಸಿ ಹಿಂಡಿದ ಮಂಡಕ್ಕಿಯ ಒಗ್ಗರಣೆ, ಸಂಜೆ ಒಣ ಮಂಡಕ್ಕಿ. ಎಣ್ಣೆಯಲ್ಲಿ ಬೆಳ್ಳುಳ್ಳಿ ಜಜ್ಜಿ ಹಾಕಿ, ಅರಿಸಿನ, ಖಾರದ ಪುಡಿ, ಪುಟಾಣಿ ಹಿಟ್ಟು ಉದುರಿಸಿ, ಮಂಡಕ್ಕಿ ಸುರಿದು, ಹಸಿ ಈರುಳ್ಳಿ ಕೊಚ್ಚಿ ಕಲಸಿದರು. ಪಕ್ಕಕ್ಕೆ ಓಂಕಾಳು ಹಾಕಿದ ಕಡಲೆಹಿಟ್ಟಿನಲ್ಲಿ ಕರಿದ ಉದ್ದನೆ ಮಿರ್ಚಿ ಎರಡು. ಕೊಟ್ಟದ್ದು ಹಳೇ ಪೇಪರಿನ ಮೇಲೆ. ಪೇಪರಿನ ಮಸಿ ಊಟಕ್ಕಂಟಬಾರದೆಂದು ನಿಯಮವಿದೆ, ಎಲೆಯಲ್ಲಿ ಕೊಡಿ ಎಂದು ಕೇಳಿದೆ. ಕೇಳಿದವರಿಗೆ ಕೊಡಲು ಮುತ್ತುಗದ ಎಲೆ ಕೆಳಗೆ ಇಟ್ಟಿದ್ದರು. ಎರಡನೇ ಮಿರ್ಚಿ ಮುಗಿಸುವುದರೊಳಗೆ ಕಣ್ಣಲ್ಲಿ ನೀರು ಬಂತು. ಭಟ್ಟಿಯ ಹೊಗೆಯದೋ ಮೆಣಸಿನಕಾಯಿಯದೋ ಹೇಳಲಾರೆ.

ನೀವು ಇಂಥ ಭಟ್ಟಿಗೆ ಹೋಗುವುದಾದರೆ ಬೆಳಿಗ್ಗೆ ಹತ್ತರ ಒಳಗೆ ಹೋಗಿ, ಹನ್ನೊಂದರ ಮೇಲೆ ಆ ಶೆಡ್ಡಿನಲ್ಲಿ ನಿಲ್ಲಲಾಗದು. ಸೇರಿನಲ್ಲಿ ಕೊಳ್ಳಿ, ತಟ್ಟಿಸಿಕೊಂಡು ಕೊಳ್ಳಿ. ಮನೆಗೆ ತಂದ ನಾನು ಡಬ್ಬಿಯ ಮುಚ್ಚಳ ಸರಿಯಾಗಿ ಹಾಕದೆ ಮಲಗಿದೆ. ಮರುದಿನ ಮಂಡಕ್ಕಿ ಮೆತ್ತಗಾಗಿತ್ತು. ಒಣ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಎರಡು ನಿಮಿಷ ತಿರುವಿದರೆ ಮತ್ತೆ ಗರಿಗರಿಯಾಗುತ್ತದೆ.